ಪುಲಿಗೆಱೆಯ ಶಕಟರೇಫ: ಶಿಲೆಯಿಂದ ಅಚ್ಚಿನ ಮೊಳೆಗೆ

ರೋಮನ್ ಅಚ್ಚಕ್ಷರಗಳ ತುದಿಗಳಲ್ಲಿರುವ ಕಿರುಗೆರೆಗಳು ಶಿಲಾಲಿಪಿಯಿಂದ ಬಂದುವು, ಕ್ರಿ. ಶ. 113ರ ಟ್ರಾಜನ್ ಸ್ತಂಭದ ಅಕ್ಷರಗಳು ಅವಕ್ಕೆ ಆದರ್ಶವೆನಿಸಿವೆ. ಕನ್ನಡದಲ್ಲಿ ಆ ಸ್ಥಾನವು ತಲಕಟ್ಟಿಗೆ ಸಲ್ಲುವುದು. ಲಕ್ಷ್ಮೇಶ್ವರ, ಗದಗು, ಲಕ್ಕುಂಡಿಗಳ ಚಾಲುಕ್ಯಶಾಸನಗಳಲ್ಲಿ ತಲಕಟ್ಟೂ ದುಂಡಾದ ಒಡಲೂ ಸ್ಪಷ್ಟವಾಗಿ ತೋರುತ್ತವೆ. ಅಚ್ಚಿನ ಮೊಳೆಯು ಈ ರೂಪವನ್ನೇ ಅನುಸರಿಸಿತು. ಒತ್ತಕ್ಷರಗಳಿಗೆ ಕೆಳಗೆ ಎಡೆ ಬೇಕಾದುದರಿಂದ ಸಾಲುಗಳ ನಡುವಣ ಅಂತರವು ಹೆಚ್ಚಿತು.

ಆದರೆ ಶಿಲೆಯಲ್ಲಿದ್ದುದೆಲ್ಲವೂ ಮೊಳೆಗೆ ಬರಲಿಲ್ಲ. ಹಳಗನ್ನಡದ ಶಕಟರೇಫ (ಱ), ರಳ (ೞ)ಗಳು ಬಳಕೆಯಿಂದ ಜಾರಿದ್ದುದರಿಂದ ಹೊಸಗನ್ನಡದ ಮುದ್ರಣಕ್ಕೆ ಅವು ಬೇಕಾಗಲಿಲ್ಲ. ಇವಿಲ್ಲದೆ 'ಅಱಿ' (ತಿಳಿ) ಎಂಬುದಕ್ಕೂ 'ಅರಿ' (ಕತ್ತರಿಸು) ಎಂಬುದಕ್ಕೂ, 'ಬಾೞ್' (ಜೀವಿಸು) ಎಂಬುದಕ್ಕೂ 'ಬಾಳ್' (ಖಡ್ಗ) ಎಂಬುದಕ್ಕೂ ಭೇದವುಳಿಯದು. ಕವಿರಾಜಮಾರ್ಗಕಾರನೂ ಪಂಪನೂ ತಿರುಳ್ಗನ್ನಡಕ್ಕೆ ನೆಲೆಯೆಂದು ಹೆಸರಿಸಿದ ಪುಲಿಗೆಱೆ, ಎಂದರೆ ಲಕ್ಷ್ಮೇಶ್ವರ, ತನ್ನ ಹೆಸರಿನಲ್ಲಿಯೇ ಶಕಟರೇಫವನ್ನು ಧರಿಸಿದೆ; 'ಕೆಱೆ' ಎಂಬುದೇ ಅದರ ಉತ್ತರಪದ.

ಕಿಟ್ಟೆಲರ ಶಬ್ದಮಣಿದರ್ಪಣವೂ (1872), ಸುಮಾರು 70,000 ಶಬ್ದಗಳ ನಿಘಂಟುವೂ (1894) ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದುವು. ಅವುಗಳಲ್ಲಿ ಈ ಎರಡಕ್ಷರಗಳಿಗೂ ಮೊಳೆಗಳು ದೊರೆತುವು. ಕೇಶಿರಾಜನ ಸೂತ್ರಗಳಿಗೆ ಅವು ಅನಿವಾರ್ಯವಾಗಿದ್ದುವು. ಅಚ್ಚಕ್ಷರದ ಯೋಗ್ಯತೆಯನ್ನು ಅಂದದಿಂದ ಮಾತ್ರವಲ್ಲದೆ, ಅದು ಕಾಯ್ದುಕೊಳ್ಳುವ ಶಬ್ದಭೇದದಿಂದಲೂ ಅಳೆಯತಕ್ಕದ್ದು.