ಕುರಿಸಾಕಣೆ: ಅಫಜಲಪುರ ಪ್ರಾಂತ
ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ಕರಿಮಣ್ಣಿನ ಬಯಲಿನಲ್ಲಿ ಕುರುಬರು ಪರಂಪರಾಗತವಾಗಿ ನಡೆಸಿಕೊಂಡು ಬಂದಿರುವ ಪಶುಪಾಲನವೃತ್ತಿ. ಒರಟು ಕರಿಯುಣ್ಣೆಯ ದಖ್ಖನಿ ತಳಿಯು ಕಂಬಳಿಗೂ ಶುಷ್ಕಪ್ರದೇಶಕ್ಕೂ ಒಪ್ಪುವಂಥದು. ಹೊಸದಾಗಿ ಹಿಂಡು ಕಟ್ಟುವವನು ಹಲ್ಲು ನೋಡಿ ಪ್ರಾಯವನ್ನೂ, ಕೆಚ್ಚಲು ಮುಟ್ಟಿ ಅದರ ಆರೋಗ್ಯವನ್ನೂ ಪರೀಕ್ಷಿಸಿ ಕುರಿಗಳನ್ನು ಕೊಂಡು, ಸುಮಾರು 25-30 ಹೆಣ್ಣುಕುರಿಗಳಿಗೆ ಒಂದು ಟಗರನ್ನು ಬಿಟ್ಟು, ರಕ್ತಸಂಬಂಧದ ದೋಷ ತಟ್ಟದಂತೆ ಕಾಲಕಾಲಕ್ಕೆ ಅದನ್ನು ಬದಲಿಸತಕ್ಕದ್ದು. ಗರ್ಭಾವಧಿ ಸುಮಾರು 150 ದಿನ. ಸುಗ್ಗಿ ತೀರಿದ ಜೋಳ, ತೊಗರಿಯ ಹೊಲಗಳಲ್ಲಿ ರಾತ್ರಿ ಹಿಂಡನ್ನು ತರುಬಿ, ಹಿಕ್ಕೆಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಪಡೆಯುವುದುಂಟು. ಪೇಟೆಯ ಲೆಕ್ಕಿಗರು ಮರೆಯುವ ಆದಾಯವಿದು. ಮುಂಗಾರಿನ ಎಳೆಹುಲ್ಲನ್ನು, ಬೇಸಗೆಯಲ್ಲಿ ಬಡಕಲಾದ ಕುರಿಯು ಮಿತಿಮೀರಿ ಮೇಯ್ದರೆ ಕರುಳುಬೇನೆಯಿಂದ ಹಠಾತ್ತನೆ ಸಾಯಬಹುದಾದ ಕಾರಣ, ಮಳೆಗೆ ಮುನ್ನವೇ ಲಸಿಕೆ ಹಾಕಿಸುವರು.