ಎಳೆಯರ ಸಂಧಿವಾತ ಮತ್ತು ಎಂಆರ್‌ಐ ಅಳತೆ

16 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡು ಕನಿಷ್ಠ 6 ವಾರ ಉಳಿಯುವ, ಕಾರಣ ಗೊತ್ತಾಗದ ಕೀಲೂತಕ್ಕೆ ಇಂದಿನ ವೈದ್ಯರು ಜೆಐಎ (ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್) ಎನ್ನುತ್ತಾರೆ. ಮಕ್ಕಳ ಸಂಧಿವಾತ ದೊಡ್ಡವರದಕ್ಕಿಂತ ಬೇರೆ ಬಗೆಯದು ಎಂದು 1897ರಲ್ಲಿ 22 ಮಕ್ಕಳ ವಿವರ ಕೊಟ್ಟು ತೋರಿಸಿದವರು ಲಂಡನ್ನಿನ ಜಾರ್ಜ್ ಫ್ರೆಡರಿಕ್ ಸ್ಟಿಲ್. ಅದಕ್ಕೆ ಎರಡು ವರ್ಷ ಹಿಂದೆಯಷ್ಟೇ ಎಕ್ಸ್‌ರೇ ಬಂದಿತ್ತು. ಆದರೆ ರೋಗ ಮೊದಲು ಹಿಡಿಯುವುದು ಕೀಲಿನ ಒಳಪೊರೆಯಾದ ಸೈನೋವಿಯಂ ಅನ್ನು. ಎಕ್ಸ್‌ರೇಗೆ ಅದು ಕಾಣದು. ಮೇಲಾಗಿ ಚಿಕ್ಕ ಮಕ್ಕಳ ಮೂಳೆತುದಿಗಳಲ್ಲಿ ಬಹುಪಾಲು ಇನ್ನೂ ಮೃದ್ವಸ್ಥಿಯೇ. ಎಕ್ಸ್‌ರೇಯಲ್ಲಿ ಏನಾದರೂ ಕಂಡಿತೆಂದರೆ ಆಗಲೇ ಹಾನಿ ಆಗಿಹೋಗಿದೆ ಎಂದರ್ಥ.

1973ರಲ್ಲಿ ಪಾಲ್ ಲಾಟರ್‌ಬರ್ ಕಾಂತಕ್ಷೇತ್ರದ ನೆರವಿನಿಂದ ಚಿತ್ರ ಮೂಡಿಸುವ ದಾರಿ, ಅಂದರೆ ಎಂಆರ್‌ಐ, ತೋರಿಸಿದ ಮೇಲೆ ಮೆದು ಅಂಗಾಂಶಗಳನ್ನು ನೇರವಾಗಿ ನೋಡುವುದು ಸಾಧ್ಯವಾಯಿತು. 1988ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗಡೋಲಿನಿಯಂ ಚುಚ್ಚುಮದ್ದು ಇನ್ನೊಂದು ಹೆಜ್ಜೆ. ಉರಿಯೂತವಿರುವ ಪೊರೆಯ ರಕ್ತನಾಳಗಳು ಸೋರುವುದರಿಂದ ಅಲ್ಲಿ ಈ ಮದ್ದು ಬೇಗ ತುಂಬಿ ಪೊರೆ ಬೆಳ್ಳಗೆ ಹೊಳೆಯುತ್ತದೆ. ಆದರೆ ಮದ್ದು ಕೊಟ್ಟ ಕೆಲವೇ ನಿಮಿಷಗಳೊಳಗೆ ಚಿತ್ರ ತೆಗೆಯಬೇಕು. ತಡವಾದರೆ ಅದು ಕೀಲಿನ ದ್ರವಕ್ಕೂ ಇಳಿದು, ಪೊರೆ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗದೆ, ಪೊರೆ ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ.

ಕಂಡದ್ದನ್ನು ಅಂಕಿಗಿಳಿಸುವ ಕೆಲಸ ದೊಡ್ಡವರಿಂದಲೇ ಆರಂಭವಾಯಿತು. 1992ರಲ್ಲಿ ಮಾಸ್ಟ್ರಿಕ್ಟ್‌ನಲ್ಲಿ ಹುಟ್ಟಿದ ಒಮೆರಾಕ್ಟ್ ಬಳಗ ವಯಸ್ಕರ ರುಮಟಾಯ್ಡ್ ಸಂಧಿವಾತಕ್ಕೆ ಅಂಕಪದ್ಧತಿ ರೂಪಿಸಿತು. ಅದು ಮಕ್ಕಳಿಗೆ ಸರಿಹೊಂದಲಿಲ್ಲ. 2011ರಲ್ಲಿ ಇಟಲಿಯ ಜಿನೋವಾದ ವೈದ್ಯರು ಮಕ್ಕಳ ಮಣಿಕಟ್ಟಿಗೆಂದೇ ಒಂದು ಪದ್ಧತಿ ತಂದರು. 2013ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಮಂಡಿಗಾಗಿ ಜಾಮ್ರಿಸ್ ಎಂಬ ಅಂಕಪದ್ಧತಿ ಬಂತು. ಮಂಡಿಯ 6 ಕಡೆ ಪೊರೆಯ ದಪ್ಪ ನೋಡುತ್ತಾರೆ: 2 ಮಿ.ಮೀ.ಗಿಂತ ಕಡಿಮೆಯಿದ್ದರೆ ಸೊನ್ನೆ, 4 ಮಿ.ಮೀ.ವರೆಗೆ ಒಂದು, ಅದರಾಚೆಗೆ ಎರಡು ಅಂಕ. ಮೂಳೆಮಜ್ಜೆಯ ಬದಲಾವಣೆ, ಮೃದ್ವಸ್ಥಿಯ ಹಾನಿ, ಮೂಳೆಯ ಸವೆತಗಳಿಗೂ ಪ್ರತ್ಯೇಕ ಅಂಕಗಳುಂಟು.

ವಿಚಿತ್ರವೆಂದರೆ, ಆರೋಗ್ಯವಂತ ಮಗುವಿನ ಕೀಲು ಎಂಆರ್‌ಐಯಲ್ಲಿ ಹೇಗಿರುತ್ತದೆ ಎಂಬ ಪ್ರಶ್ನೆಗೆ ಸರಿಯಾದ ಗಮನ ಸಿಕ್ಕಿದ್ದು ತಡವಾಗಿ. ಇದೇ ಮೊದಲ ಕೆಲಸವಾಗಬೇಕಿತ್ತು. 2011ರಲ್ಲಿ ಪ್ರಕಟವಾದ ನಾರ್ವೆಯ ಸಂಶೋಧಕರ ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಮಕ್ಕಳ ಮಣಿಕಟ್ಟಿನ ಮೂಳೆಗಳಲ್ಲೂ ಸವೆತದಂತೆ ತೋರುವ ತಗ್ಗುಗಳು, ಮಜ್ಜೆಯಲ್ಲಿ ಊತದಂಥ ಹೊಳಪು ಕಂಡವು. ಹದಿಹರೆಯದವರ ಸೊಂಟದ ಹಿಂಭಾಗದ ಸ್ಯಾಕ್ರೊಇಲಿಯಾಕ್ ಕೀಲಿನಲ್ಲೂ ಇದೇ ಕಥೆ: ಬೆಳೆಯುತ್ತಿರುವ ಮೂಳೆಯಂಚಿನ ಸಹಜ ಹೊಳಪನ್ನು ಉರಿಯೂತವೆಂದು ಓದುವ ಅಪಾಯವಿದೆ.

ಎಂಆರ್‌ಐಯ ನಿಜವಾದ ಬೆಲೆ ತಿಳಿಯುವುದು ದವಡೆಯ ಕೀಲಿನಲ್ಲಿ. ಅಲ್ಲಿ ನೋವೂ ಇಲ್ಲದೆ, ಹೊರಗೆ ಊತವೂ ಕಾಣದೆ ರೋಗ ಸಾಗಬಹುದು. ಕೆಳದವಡೆ ಬೆಳೆಯುವ ಮುಖ್ಯ ಜಾಗ ಈ ಕೀಲಿನ ಮೇಲ್ಮೈಗೆ ತಾಗಿಕೊಂಡೇ ಇರುವುದರಿಂದ, ರೋಗದಿಂದ ಬೆಳವಣಿಗೆ ಕುಂಠಿತವಾಗಿ ಮಗುವಿನ ಗದ್ದ ಹಿಂದೆ ಸರಿದು ಮುಖ ಓರೆಯಾಗಬಹುದು.

ಆದರೆ ಎಂಆರ್‌ಐಗೆ ತೊಡಕುಗಳೂ ಇವೆ. 2014ರಲ್ಲಿ ಜಪಾನಿನ ಸಂಶೋಧಕರು ಪದೇ ಪದೇ ಗಡೋಲಿನಿಯಂ ಪಡೆದವರ ಮಿದುಳಿನಲ್ಲಿ ಅದು ಉಳಿಯುವ ಸುಳಿವು ಕೊಟ್ಟರು. 2017ರಲ್ಲಿ ಯುರೋಪ್ ಅಂಥ ಕೆಲವು ಮದ್ದುಗಳ ಬಳಕೆಗೆ ತಡೆ ಹಾಕಿತು. ವರ್ಷಗಟ್ಟಲೆ ಮತ್ತೆ ಮತ್ತೆ ಸ್ಕ್ಯಾನ್ ಬೇಕಾಗುವ ಮಕ್ಕಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಹೀಗಾಗಿ ಅಂಗಾಂಶದೊಳಗೆ ನೀರಿನ ಅಣುಗಳು ಎಷ್ಟು ಸರಾಗವಾಗಿ ಚಲಿಸುತ್ತವೆ ಎಂಬುದನ್ನು ಅಳೆಯುವ, ಚುಚ್ಚುಮದ್ದು ಬೇಡದ ಡಿಫ್ಯೂಷನ್ ವಿಧಾನವನ್ನು ಆಮ್‌ಸ್ಟರ್‌ಡ್ಯಾಮ್ ಮಂಡಿಯಲ್ಲಿ, ಲಂಡನ್ ಸ್ಯಾಕ್ರೊಇಲಿಯಾಕ್ ಕೀಲಿನಲ್ಲಿ ಪರೀಕ್ಷಿಸಿವೆ. ಅಲುಗಾಡದೆ ಮಲಗಲಾರದ ಪುಟ್ಟ ಮಕ್ಕಳಿಗೆ ಅರಿವಳಿಕೆ ಕೊಡುವ ತೊಡಕಂತೂ ತಪ್ಪಿಲ್ಲ. ಅಲ್ಟ್ರಾಸೌಂಡ್ ಇನ್ನೂ ಹಲವೆಡೆ ಮೊದಲ ಆಯ್ಕೆಯಾಗಿರುವುದಕ್ಕೆ ಇದೂ ಒಂದು ಕಾರಣ. ವೈದ್ಯರ ಕೈಗೆ ಸಿಗದ ಉರಿಯೂತ ಚಿತ್ರದಲ್ಲಿ ಮಾತ್ರ ಕಂಡರೆ ಔಷಧ ನಿಲ್ಲಿಸಬೇಕೇ, ಮುಂದುವರಿಸಬೇಕೇ ಎಂಬುದರ ಬಗ್ಗೆ ತಜ್ಞರಲ್ಲಿ ಒಮ್ಮತ ಮೂಡಿಲ್ಲ.