ನಜ್ಜಾಶಿಯ ಆಸ್ಥಾನದಿಂದ ನಮ್ಮ ತರಗತಿಗಳವರೆಗೆ

ಶಾಲೆಗೆ ಹೋಗುವ ಮುಸ್ಲಿಮ್ ವಿದ್ಯಾರ್ಥಿಗೆ ಪಠ್ಯಕ್ರಮದಲ್ಲಿಲ್ಲದ ಒಂದು ಪರೀಕ್ಷೆ ವರ್ಷವಿಡೀ ನಡೆಯುತ್ತಿರುತ್ತದೆ. ಉಪವಾಸವಿದ್ದಾಗ ನೀರನ್ನೂ ಕುಡಿಯುವುದಿಲ್ಲವೇಕೆ? ಶುಕ್ರವಾರ ಮಧ್ಯಾಹ್ನ ಎಲ್ಲಿಗೆ ಹೋಗುವೆ? ತಲೆಯ ಮೇಲೆ ಈ ವಸ್ತ್ರವೇಕೆ? ಸಹಪಾಠಿಗಳು ಕುತೂಹಲದಿಂದ ಕೇಳುವುದುಂಟು, ಚುಚ್ಚುವ ಉದ್ದೇಶದಿಂದ ಕೇಳುವುದೂ ಉಂಟು. ಹದಿಮೂರು ವರ್ಷದ ಹುಡುಗನೋ ಹುಡುಗಿಯೋ ಆ ಕ್ಷಣದಲ್ಲಿ ತನ್ನ ಇಡೀ ಸಮುದಾಯದ ಪರವಾಗಿ ಉತ್ತರಿಸಬೇಕಾಗುತ್ತದೆ. ಈ ಹೊಣೆ ಎಷ್ಟರಮಟ್ಟಿಗೆ ಮಗುವಿನದು, ಎಷ್ಟರಮಟ್ಟಿಗೆ ಹಿರಿಯರಾದ ನಮ್ಮದು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸೋಣ.

ಅನ್ಯಧರ್ಮೀಯರ ಮುಂದೆ ಇಸ್ಲಾಮನ್ನು ಪ್ರತಿನಿಧಿಸಿದ ಪ್ರಸಿದ್ಧ ಘಟನೆಯೊಂದು ಮಸೀದಿಯಲ್ಲಲ್ಲ, ಒಬ್ಬ ಕ್ರೈಸ್ತ ದೊರೆಯ ಆಸ್ಥಾನದಲ್ಲಿ ನಡೆಯಿತು. ಮಕ್ಕಾದ ಹಿಂಸೆಯನ್ನು ತಾಳಲಾರದೆ ಮುಸ್ಲಿಮರ ಒಂದು ಗುಂಪು ಕ್ರಿ.ಶ. 615ರ ಸುಮಾರಿಗೆ ಅಬಿಸೀನಿಯಕ್ಕೆ ವಲಸೆ ಹೋಯಿತು. ಅವರನ್ನು ಮರಳಿ ಕರೆತರಲು ಕುರೈಶರು ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಅರನ್ನು ಉಡುಗೊರೆಗಳೊಂದಿಗೆ ಕಳುಹಿಸಿದರು. ದೊರೆ ನಜ್ಜಾಶಿಯು ಒಂದೇ ಪಕ್ಷದ ಮಾತು ಕೇಳಿ ತೀರ್ಪು ಕೊಡಲಿಲ್ಲ. ವಲಸಿಗರನ್ನು ಕರೆಸಿ ಅವರ ಧರ್ಮವೇನೆಂದು ಕೇಳಿದನು. ವಲಸಿಗರು ಮೊದಲು ತಮ್ಮೊಳಗೆ ಸಮಾಲೋಚಿಸಿದರು. ಏನೇ ಸಂಭವಿಸಲಿ, ಪ್ರವಾದಿ(ಸ)ಯವರು ಕಲಿಸಿದ್ದನ್ನೇ ಹೇಳುವುದೆಂದು ನಿಶ್ಚಯಿಸಿದರು. ಎಲ್ಲರ ಪರವಾಗಿ ಜಾಫರ್ ಬಿನ್ ಅಬೂತಾಲಿಬ್(ರ)ರು ಮಾತನಾಡಿದರು.

ಅವರ ಭಾಷಣದ ಕ್ರಮವನ್ನು ಗಮನಿಸಬೇಕು. ತಾವು ಹಿಂದೆ ಅಜ್ಞಾನದಲ್ಲಿದ್ದುದನ್ನೂ, ಬಲಿಷ್ಠರು ದುರ್ಬಲರನ್ನು ತುಳಿಯುತ್ತಿದ್ದುದನ್ನೂ ಮೊದಲು ಹೇಳಿದರು. ಬಳಿಕ ಏಕದೇವಾರಾಧನೆಯೊಂದಿಗೆ ಸತ್ಯ ನುಡಿಯುವುದು, ವಿಶ್ವಾಸ ಉಳಿಸಿಕೊಳ್ಳುವುದು, ಬಂಧುತ್ವ ಕಾಪಾಡುವುದು ಮತ್ತು ನೆರೆಹೊರೆಯವರೊಂದಿಗೆ ಸದ್ವರ್ತನೆಯನ್ನು ಪ್ರವಾದಿ(ಸ)ಯವರು ಕಲಿಸಿದರೆಂದು ವಿವರಿಸಿದರು. ದೊರೆಯು ಕೇಳಿಕೊಂಡಾಗ ಸೂರಃ ಮರ್ಯಮ್‌ನ ಆರಂಭದ ಭಾಗವನ್ನು ಓದಿದರು. ನಜ್ಜಾಶಿಯ ಕಣ್ಣುಗಳು ತುಂಬಿ ಬಂದವು. ಮರುದಿನ ಈಸಾ(ಅ)ರ ಕುರಿತು ಕಠಿಣ ಪ್ರಶ್ನೆ ಬಂದಾಗಲೂ ಜಾಫರ್(ರ)ರು ದೊರೆಯನ್ನು ಮೆಚ್ಚಿಸಲು ಮಾತನ್ನು ಬದಲಿಸಲಿಲ್ಲ.

ಈ ಘಟನೆಯಲ್ಲಿ ಮೂರು ಪಾಠಗಳಿವೆ. ಒಂದು, ಪ್ರತಿನಿಧಿಯು ಉತ್ತರಿಸಲು ಶಕ್ತನಾದ ವಯಸ್ಕನಾಗಿದ್ದನು. ವಲಸೆ ಬಂದ ಪ್ರತಿಯೊಬ್ಬರನ್ನೂ ನಿಲ್ಲಿಸಿ ವಿಚಾರಿಸಲಿಲ್ಲ. ಎರಡು, ಆಚರಣೆಯ ವಿವರಗಳಿಗಿಂತ ಮೊದಲು ಆ ಧರ್ಮವು ರೂಪಿಸಿದ ನಡತೆಯು ಮುಂದೆ ಬಂತು. ಮೂರು, ಅಧಿಕಾರದಲ್ಲಿದ್ದವನು ಕೇಳಿಸಿಕೊಳ್ಳಲು ಸಿದ್ಧನಾಗಿದ್ದನು. ಈ ಮೂರನೆಯದಿಲ್ಲದಿದ್ದರೆ ಮೊದಲೆರಡರಿಂದ ಪೂರ್ಣ ಫಲ ದೊರೆಯುವುದು ಕಷ್ಟ.

ನಮ್ಮ ಅಣ್ಣಿಗೇರಿಯ ಮಣ್ಣಿಗೂ ಈ ವಿಚಾರ ಹೊಸದಲ್ಲ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯು ಈ ಊರಿನ ಮನೆತನದವಳೆಂದು ಅವನ ತಮ್ಮ ಜಿನವಲ್ಲಭನ ಶಾಸನ ತಿಳಿಸುತ್ತದೆ. ಜೈನನಾದ ಪಂಪನು 'ಆದಿಪುರಾಣ'ದಲ್ಲಿ ತನ್ನ ಧರ್ಮವನ್ನು ಸಾರಿದನು, 'ವಿಕ್ರಮಾರ್ಜುನ ವಿಜಯ'ದಲ್ಲಿ ಎಲ್ಲರಿಗೂ ಪರಿಚಿತವಾದ ಭಾರತದ ಕಥೆಯನ್ನು ಹೇಳಿದನು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕೆಂಬ ಸ್ಥಿತಿ ಅವನಿಗಿರಲಿಲ್ಲ. ಇದೇ ಜಿಲ್ಲೆಯ ಕುಂದಗೋಳ ತಾಲೂಕಿನ ಕಳಸ ಗ್ರಾಮದ ಗೋವಿಂದಭಟ್ಟರು ಶಿಶುನಾಳದ ಶರೀಫರಿಗೆ (1819–1889) ಗುರುವಾದರು. ಶರೀಫರು ಕೆಲಕಾಲ ಕನ್ನಡ ಶಾಲೆಯ ಶಿಕ್ಷಕರೂ ಆಗಿದ್ದರು. ಅವರ ಎಲ್ಲ ವಿಚಾರಗಳನ್ನು ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಆದರೆ ಮುಸ್ಲಿಮ್ ಮನೆಯ ಹುಡುಗನೊಬ್ಬನನ್ನು ಅನ್ಯಧರ್ಮದ ಗುರುವೊಬ್ಬರು ಹತ್ತಿರ ಕೂರಿಸಿಕೊಂಡು ಕಲಿಸಿದ ನಾಡು ಇದು ಎಂಬುದು ನೆನಪಿರಬೇಕು.

ಇತ್ತೀಚಿನ ಇತಿಹಾಸವು ಬೇರೆಯೇ ಚಿತ್ರವನ್ನು ತೋರುತ್ತದೆ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಆರು ವಿದ್ಯಾರ್ಥಿನಿಯರಿಗೆ ಹಿಜಾಬ್ ಧರಿಸಿ ತರಗತಿಯಲ್ಲಿ ಕುಳಿತುಕೊಳ್ಳಲು ಅವಕಾಶ ದೊರೆಯಲಿಲ್ಲ. 2022ರ ಫೆಬ್ರವರಿ 5ರಂದು ಸರಕಾರವು ಸಮವಸ್ತ್ರದ ಆದೇಶ ಹೊರಡಿಸಿತು. ವಿವಾದವು ಊರೂರಿಗೆ ಹಬ್ಬಿ, ಫೆಬ್ರವರಿ 9ರಿಂದ ಮೂರು ದಿನ ಪ್ರೌಢಶಾಲೆ ಮತ್ತು ಕಾಲೇಜುಗಳನ್ನು ಮುಚ್ಚಬೇಕಾಯಿತು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯದ ಪೂರ್ಣ ಪೀಠವು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದು ತೀರ್ಪಿತ್ತಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಭಿನ್ನ ತೀರ್ಪು ಬಂತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾಗೊಳಿಸಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವುಗಳನ್ನು ಪುರಸ್ಕರಿಸಿ, ಇದು ಆಯ್ಕೆಯ ವಿಷಯವೆಂದೂ ಹೆಣ್ಣುಮಕ್ಕಳ ಶಿಕ್ಷಣವೇ ತಮಗೆ ಮುಖ್ಯವೆಂದೂ ತಿಳಿಸಿದರು.

ಪ್ರಕರಣದ ಕಾನೂನಿನ ಚರ್ಚೆಯನ್ನು ಬಲ್ಲವರಿಗೆ ಬಿಡೋಣ. ನಮ್ಮ ಮನಸ್ಸನ್ನು ಕಲಕುವುದು ಬೇರೊಂದು ಸಂಗತಿ. ವಿಜ್ಞಾನ, ವಾಣಿಜ್ಯ ಓದಬೇಕಾದ ವಯಸ್ಸಿನಲ್ಲಿ ಈ ಹುಡುಗಿಯರು ಸೂಕ್ತಗಳ ಅರ್ಥವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವ ಭಾರ ಹೊರಬೇಕಾಯಿತು. ಅಬ್ದುಲ್ಲಾ ಯೂಸುಫ್ ಅಲಿಯವರ ವ್ಯಾಖ್ಯಾನವು ತೀರ್ಪಿನ ಆಧಾರಗಳಲ್ಲಿ ಒಂದಾಯಿತು. ವಿದ್ವಾಂಸರು ಶತಮಾನಗಳಿಂದ ಚರ್ಚಿಸಿದ ವಿಷಯಕ್ಕೆ ಕಾಲೇಜಿನ ವಿದ್ಯಾರ್ಥಿನಿಯರು ಅರ್ಜಿದಾರರಾದರು. ಅಷ್ಟರಲ್ಲಿ ಪರೀಕ್ಷೆಗಳು ಬಂದವು. ಕೆಲವರು ಪರೀಕ್ಷೆಯನ್ನೇ ಬಿಟ್ಟರು.

ಇದಕ್ಕೂ ಹಿಂದೆ ಕೇರಳದ ಮೂವರು ಮಕ್ಕಳ ಪ್ರಕರಣ ನಡೆದಿತ್ತು. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಬಿಜೋ, ಬಿನು ಮೋಳ್ ಮತ್ತು ಬಿಂದು ಇಮ್ಯಾನುಯೆಲ್ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಧಾರ್ಮಿಕ ಕಾರಣಕ್ಕಾಗಿ ಹಾಡುತ್ತಿರಲಿಲ್ಲ. 1985ರ ಜುಲೈಯಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ವಿಚಾರಣಾ ಆಯೋಗವು ಅವರು ಕಾನೂನಿಗೆ ತಲೆಬಾಗುವ ಮಕ್ಕಳೆಂದೂ ಅಗೌರವ ತೋರಿಲ್ಲವೆಂದೂ ವರದಿ ಮಾಡಿತ್ತು. 1986ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಆ ಮಕ್ಕಳು ಭಾಷಣ ಮಾಡಿರಲಿಲ್ಲ. ಅವರ ನಡತೆಯೇ ಅವರ ಪರವಾಗಿ ಸಾಕ್ಷಿ ನುಡಿದಿತ್ತು.

ಆದುದರಿಂದ ಪ್ರತಿಯೊಬ್ಬರ ಹೊಣೆಯನ್ನೂ ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ತರಗತಿಯಲ್ಲಿ ಶಿಕ್ಷಕರು ನಜ್ಜಾಶಿಯ ಸ್ಥಾನದಲ್ಲಿದ್ದಾರೆ. ಎಲ್ಲರ ಮುಂದೆ ಒಂದು ಮಗುವನ್ನು ನಿಲ್ಲಿಸಿ, ಎಲ್ಲೋ ನಡೆದ ಕೃತ್ಯಕ್ಕೆ ನಿಮ್ಮವರು ಹೀಗೇಕೆ ಎಂದು ಕೇಳುವುದು ಆ ಸ್ಥಾನಕ್ಕೆ ತಕ್ಕುದಲ್ಲ. ಸರಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಯಾವ ಮಗುವನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಹಾಜರಾಗಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿಯೂ ಹೇಳುತ್ತದೆ.

ಮದ್ರಸದಲ್ಲಿ ಕಲಿಸುವ ನಾವು ಮಕ್ಕಳಿಗೆ ಅರಬಿ ಅಕ್ಷರಗಳೊಂದಿಗೆ ಉತ್ತರದ ಭಾಷೆಯನ್ನೂ ಕೊಡಬೇಕು. ಉಪವಾಸವೆಂದರೇನೆಂಬುದನ್ನು ನಾಲ್ಕು ಸರಳ ಕನ್ನಡ ವಾಕ್ಯಗಳಲ್ಲಿ ಹೇಳಲು ಬಾರದ ಮಗುವು ಅಪಹಾಸ್ಯದ ಮುಂದೆ ಮೌನವಾಗುತ್ತದೆ ಅಥವಾ ಸಿಟ್ಟಾಗುತ್ತದೆ. ಸೂರಃ ಅನ್ನಹ್ಲ್‌ನ 125ನೇ ಸೂಕ್ತವು ವಿವೇಕ ಮತ್ತು ಸದುಪದೇಶದ ಮಾರ್ಗವನ್ನು ತೋರುತ್ತದೆ. ಅದಕ್ಕೆ ಕೇಳುವವನ ಭಾಷೆ ಬಲ್ಲವನ ನಾಲಿಗೆಯೂ ಬೇಕು. ಗೊತ್ತಿಲ್ಲದ ಪ್ರಶ್ನೆಗೆ 'ತಿಳಿದವರನ್ನು ಕೇಳಿ ಹೇಳುತ್ತೇನೆ' ಎನ್ನುವುದು ಸೋಲಲ್ಲವೆಂಬುದನ್ನೂ ಕಲಿಸಬೇಕು.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಸಮಸ್ಯೆ ಎದುರಾದಾಗ ಮಗಳನ್ನು ಶಾಲೆ ಬಿಡಿಸುವುದು ಮೊದಲ ಪರಿಹಾರವಾಗದಿರಲಿ. ಶಾಲೆಗೆ ಹೋಗಿ ಮಾತನಾಡಬೇಕಾದವರು ಹಿರಿಯರು, ಮಗುವಲ್ಲ. ಅಬಿಸೀನಿಯದಲ್ಲಿ ಜಾಫರ್(ರ)ರು ಮುಂದೆ ನಿಂತದ್ದರಿಂದಲೇ ಉಳಿದವರು ನೆಮ್ಮದಿಯಿಂದ ಬದುಕಿದರು. ನಮ್ಮ ಮಕ್ಕಳು ನಿಶ್ಚಿಂತೆಯಿಂದ ಓದಲಿ. ಅವರ ಸತ್ಯ, ಶಿಸ್ತು ಮತ್ತು ಸ್ನೇಹವೇ ಅವರ ಧರ್ಮದ ಪರಿಚಯವಾಗಲಿ. ಉಳಿದ ವಾದವನ್ನು ಹೊರಲು ನಾವಿದ್ದೇವೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ, ನಮಗೆ ಅವರ ಬೆಂಬಲಕ್ಕೆ ನಿಲ್ಲುವ ಧೈರ್ಯವನ್ನೂ ಅನುಗ್ರಹಿಸಲಿ. ಆಮೀನ್.